ಪುರಾಣದ ಕರಾರು, ನಾಳೆಯ ಕೇಡು: ಡಿಸ್ಟೋಪಿಯನ್ ವಿಜ್ಞಾನ ಕಥೆ ಬರೆಯುವವರಿಗೆ ಸಮಗ್ರ ಮಾರ್ಗದರ್ಶಿ

ಬಾಗಲಕೋಟೆಯ ನವನಗರದಲ್ಲಿ ತಿಂಗಳಿಗೊಮ್ಮೆ ಕೂಡುವ ನಮ್ಮ ಕಥೆಗಾರರ ಗುಂಪಿಗೆ ಬರುವ ವಿಜ್ಞಾನ ಕಥೆಗಳಲ್ಲಿ ಹೆಚ್ಚಿನವು ಒಂದೇ ಕಡೆ ಮುಗ್ಗರಿಸುತ್ತವೆ. ಪುರಾಣವನ್ನು ಬಳಸಬೇಕೆಂಬ ಆಸೆ ಎಲ್ಲರಿಗೂ ಇದೆ. ಆದರೆ ಎತ್ತಿಕೊಳ್ಳುವುದು ಹೆಸರು ಮತ್ತು ಆಯುಧಗಳನ್ನು ಮಾತ್ರ. ಖಳನಿಗೆ ಕಲಿ ಎಂಬ ಹೆಸರು, ಕ್ಷಿಪಣಿಗೆ ಬ್ರಹ್ಮಾಸ್ತ್ರ ಎಂಬ ಹೆಸರು, ಕೊನೆಯ ಪುಟದಲ್ಲಿ ಬಿಳಿ ಕುದುರೆಯ ಬದಲು ಅಂತರಿಕ್ಷ ನೌಕೆಯಿಂದ ಇಳಿಯುವ ಕಲ್ಕಿ. ಓದಿ ಮುಗಿಸಿದ ಮೇಲೆ ಭಯವೂ ಉಳಿಯುವುದಿಲ್ಲ, ಸಂಕಟವೂ ಉಳಿಯುವುದಿಲ್ಲ.

ಡಿಸ್ಟೋಪಿಯಾ, ಅಂದರೆ ಕೇಡಿನ ಲೋಕ, ಕಟ್ಟುವವರಿಗೆ ಪುರಾಣದಲ್ಲಿ ನಿಜವಾಗಿ ಉಪಯೋಗಕ್ಕೆ ಬರುವುದು ಅದರೊಳಗಿನ ಕರಾರು. ಯಾರು ಯಾರಿಗೆ ಏನು ಕೊಟ್ಟರೆ ಏನು ಸಿಗುತ್ತದೆ, ತಪ್ಪಿದರೆ ಯಾರ ತಲೆ ಹೋಗುತ್ತದೆ ಎಂಬ ಒಪ್ಪಂದ. ಅದನ್ನು ಹಿಡಿದವರ ಕಥೆ ನಿಲ್ಲುತ್ತದೆ. ಕೆಳಗಿನ ಹಂತಗಳು ಆ ಕರಾರನ್ನು ಹುಡುಕಿ, ಬಿಡಿಸಿ, ಮುಂದಿನ ಕಾಲಕ್ಕೆ ಸಾಗಿಸುವ ಬಗೆಯನ್ನು ಹೇಳುತ್ತವೆ. ಅನುಕ್ರಮವನ್ನು ಬದಲಿಸಬೇಡಿ. ಯಂತ್ರದಿಂದ ಶುರುಮಾಡಿ ಆಮೇಲೆ ಪುರಾಣ ಹುಡುಕಿದವರ ಕಥೆ ಸರಿಹೋಗಿದ್ದನ್ನು ನಾನು ಈವರೆಗೆ ನೋಡಿಲ್ಲ.

ಬರೆಯುವ ಮೊದಲು ಕೈಯಲ್ಲಿರಬೇಕಾದ ಸಾಮಗ್ರಿ

ಒಂದೇ ಪುರಾಣದ ಎರಡು ಪಾಠಗಳು ಬೇಕು: ಒಂದು ಗ್ರಂಥದ್ದು, ಇನ್ನೊಂದು ಬಾಯಿಂದ ಬಾಯಿಗೆ ಬಂದದ್ದು. ಗ್ರಂಥದ್ದನ್ನು ಯಾವುದೇ ಗ್ರಂಥಾಲಯದಲ್ಲಿ ಮಹಾಭಾರತದ ಗದ್ಯಾನುವಾದದಿಂದ ಪಡೆಯಬಹುದು. ಬಾಯಿಮಾತಿನದಕ್ಕೆ ಮನೆಯ ಹಿರಿಯರು, ಚೌಡಿಕೆ ಪದ ಹಾಡುವವರು, ಜಾತ್ರೆಯಲ್ಲಿ ಸ್ಥಳಮಹಿಮೆ ಹೇಳುವವರು ಇದ್ದಾರೆ. ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳುವುದಾದರೆ ಮೊದಲು ಅವರ ಒಪ್ಪಿಗೆ ಕೇಳಿ.

ನಿಮ್ಮ ತಾಲ್ಲೂಕಿನ ನಕ್ಷೆ ಬೇಕು. ಹಳ್ಳ, ಕಾಲುವೆ, ಕೆರೆ ಕಾಣುವಂಥದ್ದು. ಜೊತೆಗೆ ಯಾವುದಾದರೂ ಒಂದು ಸರಕಾರಿ ಅರ್ಜಿ ನಮೂನೆ: ಪಡಿತರ ಚೀಟಿಯದು, ಬೆಳೆ ಪರಿಹಾರದ್ದು, ಯಾವುದಾದರೂ ಸರಿ. ಇದನ್ನು ಕೇಳಿದಾಗ ಹೊಸಬರು ಆಶ್ಚರ್ಯಪಡುತ್ತಾರೆ. ಆದರೆ ಡಿಸ್ಟೋಪಿಯಾದ ಭಾಷೆ ಅಲ್ಲಿದೆ. ‘ಅನ್ವಯಿಸದಿದ್ದಲ್ಲಿ ಹೊಡೆದುಹಾಕಿ’ ಎಂಬ ಸಾಲಿನಲ್ಲಿ ಇರುವ ತಣ್ಣನೆಯ ಬಲ ಯಾವ ರಾಕ್ಷಸನ ಅಟ್ಟಹಾಸದಲ್ಲೂ ಇಲ್ಲ.

ಎರಡು ವಾರ ಸಮಯ ಇಟ್ಟುಕೊಳ್ಳಿ. ಮೊದಲ ವಾರ ಕಥೆಯ ಒಂದು ಸಾಲನ್ನೂ ಬರೆಯಬೇಡಿ.

ಹಂತ 1: ಕರಾರನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

ಅಭ್ಯಾಸಕ್ಕೆ ಬಕಾಸುರನ ಕಥೆಯನ್ನು ತೆಗೆದುಕೊಳ್ಳಿ. ನಮಗೆಲ್ಲ ನೆನಪಿರುವುದು ಭೀಮ ಬಂಡಿಯ ಅನ್ನವನ್ನು ತಾನೇ ಉಂಡದ್ದು. ಆದಿಪರ್ವವನ್ನು ಮತ್ತೆ ಓದಿ ನೋಡಿ. ಏಕಚಕ್ರಪುರದ ಮನೆಗಳು ಸರದಿಯಂತೆ ಒಂದು ಬಂಡಿ ಅನ್ನ, ಎರಡು ಕೋಣ ಮತ್ತು ಅವುಗಳನ್ನು ಒಯ್ಯುವ ಒಬ್ಬ ಮನುಷ್ಯನನ್ನು ಕೊಡಬೇಕು. ಬದಲಿಗೆ ಬಕ ಆ ನಾಡನ್ನು ಹೊರಗಿನ ಶತ್ರುಗಳಿಂದ ಕಾಯುತ್ತಾನೆ. ತಪ್ಪಿಸಿಕೊಳ್ಳಲು ಯತ್ನಿಸಿದವನನ್ನು ಹೆಂಡತಿ ಮಕ್ಕಳ ಸಹಿತ ತಿನ್ನುತ್ತಾನೆ. ನಾಡಿಗೆ ಅರಸ ಇದ್ದಾನೆ, ಆದರೆ ಕಾಯಲಾರ. ಒಂದು ಮನೆಯ ಸರದಿ ಬರುವುದು ಎಷ್ಟೋ ವರ್ಷಗಳಿಗೊಮ್ಮೆ. ಅದಕ್ಕೇ ಊರು ಸುಮ್ಮನಿದೆ.

ಕರಾರು ಹೀಗಾಯಿತು: ‘ರಕ್ಷಣೆ ಬೇಕಾದರೆ ಪ್ರತಿ ಮನೆಯೂ ತನ್ನ ಸರದಿಯಲ್ಲಿ ಒಬ್ಬನನ್ನು ಕೊಡಬೇಕು, ಸರದಿ ದೂರವಿರುವುದರಿಂದ ಯಾರೂ ಪ್ರಶ್ನಿಸುವುದಿಲ್ಲ.’ ಗ್ರೀಕರ ಪುರಾಣದಲ್ಲಿ ಅಥೆನ್ಸ್ ನಗರ ಕ್ರೀಟಿನ ಚಕ್ರವ್ಯೂಹದ ಗೂಳಿಮನುಷ್ಯನಿಗೆ ಏಳು ಹುಡುಗರನ್ನೂ ಏಳು ಹುಡುಗಿಯರನ್ನೂ ಕಳುಹಿಸುತ್ತಿದ್ದುದೂ ಇಂಥದೇ ಕಪ್ಪ. ಎರಡರಲ್ಲೂ ಭಯ ಹುಟ್ಟುವುದು ಮೃಗದ ಕೋರೆಯಿಂದಲ್ಲ, ಸರದಿಯ ಪಟ್ಟಿಯಿಂದ.

ನಮ್ಮ ಸುತ್ತಲಿನ ಜಿಲ್ಲೆಗಳಲ್ಲೇ ಇಂಥ ಕರಾರುಗಳು ಬೇಕಾದಷ್ಟಿವೆ. ಬಾದಾಮಿಯ ವಾತಾಪಿ–ಇಲ್ವಲರ ಕಥೆಯಲ್ಲಿ ಅತಿಥಿಯಾದವನು ಬಡಿಸಿದ್ದನ್ನು ಒಲ್ಲೆ ಎನ್ನುವಂತಿಲ್ಲ. ಉಂಡದ್ದು ಹೊರಗಿನಿಂದ ಕರೆದವನ ದನಿಗೆ ಓಗೊಟ್ಟು ಹೊಟ್ಟೆ ಸೀಳಿ ಬರುತ್ತದೆ. ಉಚಿತವಾಗಿ ಕೊಟ್ಟ ವಸ್ತು ಒಳಗೆ ಹೋದ ಮೇಲೂ ಕೊಟ್ಟವನ ಮಾತನ್ನೇ ಕೇಳುತ್ತದೆ ಎಂದು ಬರೆದುಕೊಳ್ಳಿ. ಮೈಯೊಳಗಿನ ಎಲೆಕ್ಟ್ರಾನಿಕ್ ಚಿಪ್ ಬಗ್ಗೆ ಕಥೆ ಬರೆಯಲು ಇದಕ್ಕಿಂತ ಗಟ್ಟಿ ಅಡಿಪಾಯ ಬೇಕಿಲ್ಲ. ಬನಶಂಕರಿಯಲ್ಲಿ ನೆಲೆಸಿರುವ ಶಾಕಂಭರಿ ನೂರು ವರ್ಷ ಮಳೆಯಿಲ್ಲದ ನೆಲಕ್ಕೆ ತನ್ನ ಮೈಯಿಂದಲೇ ಕಾಯಿಪಲ್ಲೆ ಬೆಳೆದು ಕೊಟ್ಟವಳು. ಒಬ್ಬಳ ದೇಹ ಊರಿನ ಉಗ್ರಾಣವಾದರೆ ಏನಾಗುತ್ತದೆ ಎಂಬ ಪ್ರಶ್ನೆ ಅಲ್ಲಿದೆ.

ಜೋಕುಮಾರನ ಕಥೆಯನ್ನು ಮಾತ್ರ ಸ್ವಲ್ಪ ನಿಂತು ನೋಡಬೇಕು. ಭಾದ್ರಪದದಲ್ಲಿ ಗಣಪತಿ ಬಂದು ಕಡುಬು ಉಂಡು ಹೋಗಿ, ಭೂಲೋಕದಲ್ಲಿ ಎಲ್ಲ ಚೆನ್ನಾಗಿದೆ ಎಂದು ಶಿವನಿಗೆ ವರದಿ ಕೊಡುತ್ತಾನೆ. ಆಮೇಲೆ ಬಂದ ಜೋಕುಮಾರ ಕೇರಿ ಕೇರಿ ಅಲೆದು, ಬೆಳೆ ಒಣಗಿದ್ದನ್ನು ಕಂಡು, ಏಳೇ ದಿನ ಬದುಕಿ, ಕೊಲೆಯಾಗಿ, ಶಿವನ ಬಳಿ ಹೋಗಿ ನಿಜ ಹೇಳುತ್ತಾನೆ. ಆಗ ಮಳೆ ಬರುತ್ತದೆ. ಆಳುವವನಿಗೆ ಎರಡು ವರದಿ ಹೋಗುತ್ತವೆ. ನಿಜ ವರದಿ ತಲುಪಬೇಕಾದರೆ ತಂದವನು ಸಾಯಬೇಕು. ಬುಟ್ಟಿಯಲ್ಲಿ ಜೋಕುಮಾರನನ್ನು ಹೊತ್ತು ಮನೆಮನೆಗೆ ಬರುವ ಹೆಂಗಸರ ಹಾಡನ್ನು ಬಾಲ್ಯದಿಂದ ಕೇಳಿದವರು ನಮ್ಮಲ್ಲಿ ಎಷ್ಟೋ ಜನರಿದ್ದಾರೆ. ಆದರೂ ಇದನ್ನು ಆಧಾರವಾಗಿಟ್ಟ ಒಂದು ವಿಜ್ಞಾನ ಕಥೆಯೂ ನನ್ನ ಕೈಗೆ ಬಂದಿಲ್ಲ. ಯಾರಾದರೂ ಬರೆಯಲಿ ಎಂದು ಕಾಯುತ್ತಿದ್ದೇನೆ.

ಈ ಹಂತದ ಸಾಮಾನ್ಯ ತಪ್ಪು: ಕರಾರಿನ ಬದಲು ನೀತಿಯನ್ನು ಬರೆಯುವುದು. ‘ಅಹಂಕಾರ ಕೆಟ್ಟದ್ದು’ ಎಂಬುದು ಕರಾರಲ್ಲ. ವಾಕ್ಯದಲ್ಲಿ ಕೊಡುವವರು, ಪಡೆಯುವವರು, ಕೊಡುವ ವಸ್ತು, ತಪ್ಪಿದರೆ ದಂಡ, ಈ ನಾಲ್ಕೂ ಇರದಿದ್ದರೆ ಮುಂದೆ ಹೋಗಬೇಡಿ.

ಹಂತ 2: ಎರಡು ಪಾಠಗಳನ್ನು ಪಕ್ಕಪಕ್ಕ ಇಟ್ಟು ಓದಿ

ಇಲ್ಲಿಂದ ಮುಂದೆ ಒಂದೇ ಉದಾಹರಣೆಯನ್ನು ಹಿಡಿದು ಹೋಗುತ್ತೇನೆ: ರೇಣುಕೆಯದು. ಸವದತ್ತಿಯ ಎಲ್ಲಮ್ಮನ ಗುಡ್ಡದ ಕಥೆ ಎಲ್ಲರಿಗೂ ಗೊತ್ತಿರುವುದರಿಂದಲೇ ಇದರಲ್ಲಿ ತಪ್ಪುವವರೂ ಹೆಚ್ಚು.

ಬಾಯಿಮಾತಿನ ಪಾಠದಲ್ಲಿ ರೇಣುಕೆ ದಿನವೂ ಹೊಳೆಯ ಹಸಿ ಮರಳಿನಿಂದ ಕೊಡ ಮಾಡುತ್ತಾಳೆ, ಹಾವನ್ನು ಸುತ್ತಿ ಸಿಂಬೆ ಮಾಡಿಕೊಳ್ಳುತ್ತಾಳೆ, ಗಂಡನ ಪೂಜೆಗೆ ನೀರು ತರುತ್ತಾಳೆ. ಮನಸ್ಸು ಒಂದೇ ಕಡೆ ಇರುವವರೆಗೆ ಮರಳು ಕೊಡವಾಗಿ ನಿಲ್ಲುತ್ತದೆ. ಒಂದು ದಿನ ನೀರಿನಲ್ಲಿ ಆಡುತ್ತಿದ್ದವರನ್ನು ಕಂಡು ಮನಸ್ಸು ಅತ್ತ ಹರಿಯುತ್ತದೆ. ಕೊಡ ಕಟ್ಟುವುದಿಲ್ಲ, ಹಾವು ಸಿಂಬೆಯಾಗುವುದಿಲ್ಲ.

ಮಹಾಭಾರತದ ವನಪರ್ವದಲ್ಲಿ ಮರಳಿನ ಕೊಡ ಇಲ್ಲ. ಅಲ್ಲಿ ಬೇರೆಯದೇ ಸಂಗತಿಗಳಿವೆ. ರೇಣುಕೆಯ ಗಂಡ ಜಮದಗ್ನಿ ಮಕ್ಕಳಿಗೆ ತಾಯಿಯನ್ನು ಕೊಲ್ಲಲು ಹೇಳಿದಾಗ ಹಿರಿಯ ನಾಲ್ವರು ಮಕ್ಕಳು ಕದಲುವುದಿಲ್ಲ. ಶಾಪದಿಂದ ಅವರು ಬುದ್ಧಿ ಕಳೆದುಕೊಂಡು ಮೃಗಪಕ್ಷಿಗಳಂತೆ ಜಡರಾಗುತ್ತಾರೆ. ಐದನೆಯವನಾದ ರಾಮ, ಅಂದರೆ ಪರಶುರಾಮ, ಕೊಡಲಿ ಎತ್ತುತ್ತಾನೆ. ಮೆಚ್ಚಿದ ತಂದೆಯಲ್ಲಿ ಅವನು ಕೇಳುವ ವರಗಳಲ್ಲಿ ಎರಡು ಹೀಗಿವೆ: ತಾಯಿ ಎದ್ದು ಬರಲಿ, ತಾನು ಕೊಲೆಯಾದ ನೆನಪು ಆಕೆಗೆ ಇರದಿರಲಿ.

ಈ ಎರಡನೆಯ ವರವನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಬಾಯಿಮಾತಿನ ಕಥೆ ನಿಮಗೆ ಯಂತ್ರವನ್ನು ಕೊಡುತ್ತದೆ: ಮನಸ್ಸನ್ನು ಅಳೆದು ನೀರು ಕೊಡುವ ಯಂತ್ರ. ಗ್ರಂಥದ ಕಥೆ ನಿಮಗೆ ಆಡಳಿತವನ್ನು ಕೊಡುತ್ತದೆ: ಒಲ್ಲೆ ಎಂದವರನ್ನು ಜಡಗೊಳಿಸುವ, ಕೊಂದವರನ್ನು ಮರಳಿ ಕರೆತಂದು ನೆನಪನ್ನು ಅಳಿಸುವ ಆಡಳಿತ. ಒಂದೇ ಪಾಠ ಓದಿದವರಿಗೆ ಅರ್ಧ ಕಥೆ ಮಾತ್ರ ಸಿಗುತ್ತದೆ.

ಗೀಗೀ ಪದದ ಹರದೇಶಿ–ನಾಗೇಶಿ ಮೇಳಗಳನ್ನು ಕೇಳಿದ್ದರೆ ಈ ಹಂತ ಸುಲಭ. ಹರದೇಶಿಯವರು ಗಂಡಿನ ಪಕ್ಷ ಹಿಡಿದು ಪುರಾಣವನ್ನು ಹಾಡಿದರೆ ನಾಗೇಶಿಯವರು ಹೆಣ್ಣಿನ ಪಕ್ಷ ಹಿಡಿದು ಅದೇ ಪುರಾಣವನ್ನು ತಿರುಗಿಸಿ ಪ್ರಶ್ನೆ ಹಾಕುತ್ತಾರೆ. ನಿಮ್ಮ ನೋಟ್‌ಬುಕ್ಕಿನಲ್ಲೂ ಎಡಪುಟದಲ್ಲಿ ಜಮದಗ್ನಿಯ ವಾದ, ಬಲಪುಟದಲ್ಲಿ ರೇಣುಕೆಯ ಸವಾಲು ಬರೆಯಿರಿ. ಎಡಪುಟ ದುರ್ಬಲವಾಗಿದ್ದರೆ ಕಥೆಯೂ ದುರ್ಬಲವಾಗುತ್ತದೆ. ಕರಾರು ನ್ಯಾಯವೆಂದು ನಂಬಿದ ಜನ ಇರದೆ ಡಿಸ್ಟೋಪಿಯಾ ನಿಲ್ಲದು.

ಹಂತ 3: ಕರಾರನ್ನು ಕಚೇರಿಗೆ ಒಪ್ಪಿಸಿ

ಪುರಾಣದಲ್ಲಿ ಕರಾರನ್ನು ನಡೆಸುವವರು ಋಷಿ, ರಾಕ್ಷಸ, ದೇವತೆ. ಡಿಸ್ಟೋಪಿಯಾದಲ್ಲಿ ಅದನ್ನು ನಡೆಸುವುದು ಒಂದು ಇಲಾಖೆ, ಒಂದು ಯಂತ್ರ, ಸಂಬಳಕ್ಕೆ ದುಡಿಯುವ ಒಬ್ಬ ಸಾಧಾರಣ ಮನುಷ್ಯ. ಈ ವರ್ಗಾವಣೆಯಲ್ಲಿ ಕಥೆ ಹುಟ್ಟುತ್ತದೆ.

ಮರಳಿನ ಕೊಡದ ಜಾಗದಲ್ಲಿ ಹಣೆಗೆ ಕಟ್ಟುವ ಪಟ್ಟಿಯನ್ನು ಇಡೋಣ. ಮಿದುಳಿನ ವಿದ್ಯುತ್ ಸಂಕೇತವನ್ನು ನೆತ್ತಿಯ ಮೇಲಿನಿಂದ ಹಿಡಿಯುವ ತಂತ್ರ ಈಗಲೇ ಇದೆ. ಧ್ಯಾನಕ್ಕೆಂದು ಮಾರುವ ಪಟ್ಟಿಗಳೂ ಇವೆ. ಕಣ್ಣು ಮುಚ್ಚಿ ನಿರಾಳವಾಗಿದ್ದಾಗ ಸೆಕೆಂಡಿಗೆ 8ರಿಂದ 13 ಬಾರಿ ಏರಿಳಿಯುವ ಆಲ್ಫಾ ಅಲೆಗಳು ಹೆಚ್ಚುತ್ತವೆ. ಕಥೆಯ ಇಲಾಖೆ ಇದನ್ನೇ ‘ಚಿತ್ತಸ್ಥಿರತೆ’ ಎಂದು ಕರೆದು, ಸ್ಥಿರವಾಗಿದ್ದವರಿಗೆ ಮಾತ್ರ ನಲ್ಲಿ ತೆರೆಯುತ್ತದೆ. ಸಮರ್ಥನೆಯೂ ಸಿದ್ಧವಿದೆ: ನೀರು ಕಡಿಮೆ, ಜಗಳ ಹೆಚ್ಚು, ಶಾಂತವಾಗಿರುವವರಿಗೆ ಮೊದಲ ಹಕ್ಕು.

ಈಗ ಯಂತ್ರದ ದೋಷವನ್ನು ಹುಡುಕಿ. ಅದು ನಿಜವಾದ ದೋಷವಾಗಿರಬೇಕು. ನೆತ್ತಿಯ ಮೇಲೆ ಸಿಗುವ ಸಂಕೇತ ಮೈಕ್ರೋವೋಲ್ಟುಗಳಲ್ಲಿ ಇರುತ್ತದೆ. ಒಂದು ಮೈಕ್ರೋವೋಲ್ಟ್ ಎಂದರೆ ವೋಲ್ಟಿನ ಹತ್ತು ಲಕ್ಷದ ಒಂದು ಭಾಗ. ಹಲ್ಲು ಕಚ್ಚಿದರೆ, ಹುಬ್ಬು ಗಂಟಿಕ್ಕಿದರೆ, ಹಣೆ ಬೆವರಿದರೆ ಆ ಸಂಕೇತ ಮುಚ್ಚಿಹೋಗುತ್ತದೆ. ಹದಿನೈದು ಲೀಟರಿನ ಕೊಡ ಎತ್ತುವ ಹೆಂಗಸು ಹಲ್ಲು ಕಚ್ಚದೆ ಎತ್ತಲಾರಳು. ವಿಜಯಪುರದ ಮೇ ತಿಂಗಳಲ್ಲಿ ಬೆವರದ ಹಣೆ ಇಲ್ಲ. ಅಂದರೆ ಯಂತ್ರ ಶಿಕ್ಷಿಸುವುದು ಚಂಚಲ ಮನಸ್ಸನ್ನಲ್ಲ, ದುಡಿಯುವ ಮೈಯನ್ನು. ಅರ್ಜಿ ನಮೂನೆಯಲ್ಲಿ ‘ಬೆವರು’ ಎಂಬ ಕಾಲಂ ಇರುವುದಿಲ್ಲ. ನಿಮ್ಮ ಕಥೆಯ ನಡುಬೆನ್ನು ಇದು.

ಕೊಡಲಿ ಯಾರ ಕೈಯಲ್ಲಿದೆ ಎಂಬುದನ್ನೂ ಇಲ್ಲೇ ತೀರ್ಮಾನಿಸಿ. ಪುರಾಣದಲ್ಲಿ ಅದು ಮಗನ ಕೈಯಲ್ಲಿತ್ತು. ಕಥೆಯಲ್ಲೂ ಅವನನ್ನು ಬಿಡಬೇಡಿ. ಅದೇ ಇಲಾಖೆಯ ಗುತ್ತಿಗೆ ನೌಕರ, ಸಂಪರ್ಕ ಕಡಿತದ ಗುಂಡಿ ಒತ್ತಬೇಕಾದವನು, ಒತ್ತದಿದ್ದರೆ ತನ್ನ ನಾಲ್ವರು ಅಣ್ಣಂದಿರಂತಾಗುವವನು.

ಹಂತ 4: ನದಿಯ ಜೊತೆ ನಡೆಯಿರಿ, ಲೆಕ್ಕ ಹಾಕಿ

ಕಥೆಯನ್ನು ಹೆಸರಿಲ್ಲದ ಗಾಜಿನ ಮಹಾನಗರದಲ್ಲಿ ಇಡುವುದು ನಾನು ಕಂಡ ಅತ್ಯಂತ ಸಾಮಾನ್ಯ ತಪ್ಪು. ಬೈಲಹೊಂಗಲದ ಹುಡುಗ ತಾನು ಎಂದೂ ನೋಡದ ಊರಿನ ಮೆಟ್ರೊ ಸುರಂಗವನ್ನು ಬಣ್ಣಿಸಲು ಹೋಗಿ ನಾಲ್ಕು ಪುಟ ವ್ಯರ್ಥ ಮಾಡುತ್ತಾನೆ.

ಮಲಪ್ರಭೆಯನ್ನೇ ನೋಡಿ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟಿನಲ್ಲಿ ರೇಣುಕಾಸಾಗರವಾಗಿ ನಿಂತು, ರಾಮದುರ್ಗ ದಾಟಿ, ಪಟ್ಟದಕಲ್ಲಿನಲ್ಲಿ ಉತ್ತರಕ್ಕೆ ತಿರುಗಿ, ಐಹೊಳೆಯನ್ನು ಹಾದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ರೇಣುಕೆ ಕೊಡ ತುಂಬಿದ ಸ್ಥಳ ಮೇಲೆ, ಪರಶುರಾಮ ಕ್ಷತ್ರಿಯರ ರಕ್ತ ಮೆತ್ತಿದ ಕೊಡಲಿಯನ್ನು ತೊಳೆದನೆಂದು ಜನ ತೋರಿಸುವ ಐಹೊಳೆ ಕೆಳಗೆ. ಮೇಲೆ ನಡೆದದ್ದು ಕೆಳಗಿನ ಊರಿಗೆ ನೀರಿನ ಬಣ್ಣವಾಗಿ ತಲುಪುತ್ತದೆ. ಕಥಾವಸ್ತುವಿನ ಹರಿವನ್ನು ನದಿಯೇ ಬರೆದುಕೊಟ್ಟಿದೆ. ‘ಅಯ್ಯೋ ಹೊಳೆ’ ಎಂಬುದರಿಂದ ಐಹೊಳೆ ಬಂತೆಂಬುದು ಜನರ ಕಲ್ಪನೆ. ಶಾಸನಗಳಲ್ಲಿ ಊರಿನ ಹೆಸರು ಅಯ್ಯಾವೊಳೆ. ಆ ಕಲ್ಪನೆಯನ್ನು ಪಾತ್ರದ ಬಾಯಲ್ಲಿ ಹೇಳಿಸಿ, ನಿರೂಪಕನ ಬಾಯಲ್ಲಿ ಬೇಡ.

ಆಮೇಲೆ ಅಂಕಿ. ಇಂದು ಹಳ್ಳಿಯ ನಲ್ಲಿ ನೀರಿನ ಯೋಜನೆಯ ಗುರಿ ತಲೆಗೆ ದಿನಕ್ಕೆ 55 ಲೀಟರ್. ನಿಮ್ಮ ಕಥೆಯಲ್ಲಿ ಎಷ್ಟು? 9 ಎಂದಿಟ್ಟುಕೊಂಡರೆ, ಅದರಲ್ಲಿ ಕುಡಿಯಲು ಎಷ್ಟು, ರೊಟ್ಟಿಯ ಹಿಟ್ಟು ನಾದಲು ಎಷ್ಟು, ಎಮ್ಮೆಗೆ ಎಷ್ಟು ಎಂದು ಬರೆದುಕೊಳ್ಳಿ. ಎಮ್ಮೆಗೆ ಉಳಿಯುವುದಿಲ್ಲ. ಹಾಗಾದರೆ ನಿಮ್ಮ ಊರಿನಲ್ಲಿ ಎಮ್ಮೆ ಇಲ್ಲ, ಮೊಸರಿಲ್ಲ, ಜೋಕುಮಾರನ ಬಾಯಿಗೆ ಸವರಲು ಬೆಣ್ಣೆ ಇಲ್ಲ. ಒಂದು ಅಂಕಿಯಿಂದ ಇಷ್ಟು ಲೋಕ ಬದಲಾಯಿತು.

ಬಾಗಲಕೋಟೆಯವರಿಗೆ ಇನ್ನೊಂದು ಮಾತು. ಆಲಮಟ್ಟಿ ಜಲಾಶಯದ ಮಟ್ಟ 519.60 ಮೀಟರ್; ಅದನ್ನು 524.256 ಮೀಟರಿಗೆ ಏರಿಸಲು ಎರಡನೆಯ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿತು. ಮೀಟರಿನ ದಶಮಾಂಶಗಳು ಒಂದು ಓಣಿಯ ಹಣೆಬರಹ ಬರೆಯುವುದನ್ನು ಈ ಮುಳುಗಡೆ ನಗರಿಯಲ್ಲಿ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆ ಅನುಭವವನ್ನು ಕಥೆಗೆ ತನ್ನಿ.

ಹಂತ 5: ಹೆಸರುಗಳನ್ನು ಅಳಿಸಿ

ಇದು ಚಿಕ್ಕ ಹಂತ, ಆದರೆ ಕೈ ನಡುಗುತ್ತದೆ. ಪಾತ್ರಗಳಿಗೆ ರೇಣುಕಾ, ಪರಶುರಾಮ ಎಂಬ ಹೆಸರುಗಳಿದ್ದರೆ ತೆಗೆಯಿರಿ. ಶಾಂತವ್ವ, ಮಲ್ಲೇಶಿ ಸಾಕು. ಹೆಸರು ಉಳಿದರೆ ಓದುಗನಿಗೆ ಅಂತ್ಯ ಮೊದಲೇ ಗೊತ್ತಾಗುತ್ತದೆ. ಅಜ್ಜನೊಬ್ಬ ಮಕ್ಕಳಿಗೆ ಮೂಲ ಪುರಾಣವನ್ನು ವಿವರಿಸುವ ದೃಶ್ಯವಿದ್ದರೆ ಅದನ್ನೂ ತೆಗೆಯಿರಿ.

ಒಂದೇ ಒಂದು ಗುರುತನ್ನು ಉಳಿಸಿಕೊಳ್ಳಬಹುದು. ಸಿಂಬೆ, ಮರಳು, ಕೊಡಲಿ, ಯಾವುದಾದರೂ ಒಂದು. ಎರಡಾದರೆ ಹೆಚ್ಚಾಯಿತು.

ಹಂತ 6: ಮೊದಲ ದೃಶ್ಯ

ನಮ್ಮ ಗುಂಪಿಗೆ ಬರುವ ಕಥೆಗಳ ಮೊದಲ ಸಾಲು ಸಾಮಾನ್ಯವಾಗಿ ಹೀಗಿರುತ್ತದೆ: ‘ಅದು 2147ನೇ ಇಸವಿ. ಜಾಗತಿಕ ತಾಪಮಾನದಿಂದ ಭೂಮಿ ಬರಡಾಗಿತ್ತು. ಮಾನವಕುಲವನ್ನು ಮಹಾಯಂತ್ರವೊಂದು ಆಳುತ್ತಿತ್ತು.’ ಮೂರು ವಾಕ್ಯಗಳಲ್ಲಿ ಒಬ್ಬ ಮನುಷ್ಯನೂ ಇಲ್ಲ. ಕರಾರು ಕೆಲಸ ಮಾಡುತ್ತಿರುವ ಕ್ಷಣದಿಂದ ಶುರುಮಾಡಿ:

‘ಸರದಿ ನಲವತ್ತೊಂದು. ಶಾಂತವ್ವ ಹಣೆಪಟ್ಟಿ ಬಿಗಿದುಕೊಂಡು ಕಣ್ಣು ಮುಚ್ಚಿದಳು. ನಲ್ಲಿಯ ಮೇಲಿನ ದೀಪ ಹಸಿರಾಯಿತು. ಕೊಡದ ತಳಕ್ಕೆ ನೀರು ಬೀಳುವ ಸದ್ದು ಕೇಳಿತು. ಅರ್ಧ ತುಂಬುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಮಗುವೊಂದು ನಕ್ಕಿತು. ನೀರು ನಿಂತಿತು. ಅವಳು ಕಣ್ಣು ತೆರೆಯಲಿಲ್ಲ. ತೆರೆದರೆ ದಾಖಲಾಗುತ್ತಿತ್ತು.’

ಇಸವಿ ಇಲ್ಲ, ವಿವರಣೆ ಇಲ್ಲ. ಆದರೂ ಕರಾರು, ಯಂತ್ರ, ದಂಡ ಮೂರೂ ಬಂದಿವೆ. ಮಗು ನಕ್ಕದ್ದು ಏಕೆ ಎಂದು ಓದುಗ ಕೇಳಿಕೊಳ್ಳುವಷ್ಟರಲ್ಲಿ ಎರಡನೆಯ ಪುಟಕ್ಕೆ ಬಂದಿರುತ್ತಾನೆ.

ಹಂತ 7: ಅಂತ್ಯವನ್ನು ಕರಾರಿನೊಳಗಿನಿಂದಲೇ ತೆಗೆಯಿರಿ

ಹೊರಗಿನಿಂದ ಇಳಿದು ಬರುವ ಅವತಾರ ಬೇಡ. ಪುರಾಣಗಳೇ ಬೇರೆ ದಾರಿಗಳನ್ನು ತೋರಿಸಿವೆ. ಬಕನ ಕಥೆಯಲ್ಲಿ ಸರದಿಯವನ ಬದಲು ಇನ್ನೊಬ್ಬ ಹೋಗುತ್ತಾನೆ. ವಾತಾಪಿಯ ಕಥೆಯಲ್ಲಿ ಅಗಸ್ತ್ಯ ಒಳಗೆ ಬಂದದ್ದನ್ನು ಅರಗಿಸಿಕೊಳ್ಳುತ್ತಾನೆ; ಇಲ್ವಲ ಎಷ್ಟು ಕರೆದರೂ ಉತ್ತರ ಬರುವುದಿಲ್ಲ. ಮೊದಲನೆಯದು ಭೀಮಬಲದವರಿಗೆ ಮಾತ್ರ ಸಾಧ್ಯ, ಹಾಗಾಗಿ ಡಿಸ್ಟೋಪಿಯಾದಲ್ಲಿ ಸಡಿಲವಾಗುತ್ತದೆ. ಎರಡನೆಯದು ಚೆನ್ನಾಗಿ ಕೂಡುತ್ತದೆ, ಆದರೆ ಅರಗಿಸಿಕೊಂಡ ಮೈಗೆ ಆದದ್ದೇನು ಎಂಬುದನ್ನೂ ಬರೆಯಬೇಕು.

ಮೂರನೆಯದು ರೇಣುಕೆಯ ದಾರಿ, ನನಗೆ ಎಲ್ಲಕ್ಕಿಂತ ಘೋರವಾಗಿ ಕಾಣುವುದು ಇದೇ. ಶಾಂತವ್ವ ಮರಳಿ ಬರುತ್ತಾಳೆ. ಸಾಲಿನಲ್ಲಿ ನಿಲ್ಲುತ್ತಾಳೆ. ದೀಪ ಹಸಿರಾಗುತ್ತದೆ, ಈ ಬಾರಿ ಕೊಡ ತುಂಬುತ್ತದೆ. ಕಿಟಕಿಯ ಹಿಂದೆ ಕುಳಿತ ಮಗನಿಗೆ ಎಲ್ಲ ನೆನಪಿದೆ; ಅವಳಿಗೆ ಇಲ್ಲ. ಅವಳು ಅವನನ್ನು ಊಟ ಆಯಿತೇ ಎಂದು ಕೇಳುತ್ತಾಳೆ. ಅಲ್ಲಿಗೆ ನಿಲ್ಲಿಸಿ. ಮಗನ ಕಣ್ಣೀರನ್ನು ಬಣ್ಣಿಸಬೇಡಿ.

ಅಪಾಯದ ಸೂಚನೆಗಳು

‘ನಮ್ಮ ಪೂರ್ವಜರಿಗೆ ಇದೆಲ್ಲ ಗೊತ್ತಿತ್ತು’ ಎಂಬ ಮಾತು ಯಾವುದಾದರೂ ಪಾತ್ರದ ಬಾಯಲ್ಲಿ ಬಂದಿದ್ದರೆ, ಕಥೆ ವಾದವಾಗುತ್ತಿದೆ ಎಂದು ತಿಳಿಯಿರಿ. ಯಂತ್ರದ ವಿವರಣೆ ಒಂದು ಪುಟ ದಾಟಿದ್ದರೆ ನೀವು ಹಂತ 3ರಿಂದ ಶುರುಮಾಡಿದ್ದೀರಿ. ಕೇಡಿಗೆ ಒಬ್ಬನೇ ಕಾರಣನಾಗಿ, ಅವನು ಸತ್ತೊಡನೆ ಲೋಕ ಸರಿಹೋದರೆ ಕರಾರು ಎಲ್ಲೋ ಕಳೆದುಹೋಗಿದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಎಲ್ಲಮ್ಮ ಜೀವಂತ ದೇವತೆ. ಹುಣ್ಣಿಮೆಗೆ ಚಕ್ಕಡಿ, ಟ್ರ್ಯಾಕ್ಟರ್ ಕಟ್ಟಿಕೊಂಡು ಉಧೋ ಉಧೋ ಎನ್ನುತ್ತ ಗುಡ್ಡ ಏರುವವರು ನಿಮ್ಮ ಓದುಗರೂ ಹೌದು. ಆ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ಬಾಳು ಸವೆಸಿದ ಹೆಣ್ಣುಮಕ್ಕಳೂ ಇಲ್ಲಿಯವರೇ. ದೇವದಾಸಿಯಾಗಿ ಬಿಡುವುದನ್ನು ಕರ್ನಾಟಕ 1982ರ ಕಾಯ್ದೆಯಿಂದ ನಿಷೇಧಿಸಿತು. ಅವರ ಸಂಕಟವನ್ನು ಕಥೆಯ ಬಣ್ಣಕ್ಕಾಗಿ ಬಳಸಬೇಡಿ. ಜೋಗತಿಯ ಪಾತ್ರವನ್ನು ತರುವುದಾದರೆ ಅವಳ ಬುಟ್ಟಿ, ಭಂಡಾರ, ಕವಡೆ ಸರ ಬಣ್ಣಿಸಿ ಕೈಬಿಡಬೇಡಿ. ಅವಳಿಗೆ ಕಥೆಯಲ್ಲಿ ಒಂದು ನಿರ್ಧಾರವನ್ನು ಕೊಡಿ. ಕೊಡಲು ಆಗದಿದ್ದರೆ ಪಾತ್ರವನ್ನೇ ತರಬೇಡಿ.

ಹಂತ 8: ಕೇಳಿಸಿ ನೋಡಿ

ಮೂಲ ಪುರಾಣ ಬಲ್ಲ, ವಿಜ್ಞಾನ ಕಥೆ ಓದಿ ಅಭ್ಯಾಸವಿಲ್ಲದ ಒಬ್ಬರಿಗೆ ಕಥೆಯನ್ನು ಗಟ್ಟಿಯಾಗಿ ಓದಿ ಕೇಳಿಸಿ. ಪುರಾಣದ ಸುಳಿವನ್ನು ಮೊದಲೇ ಹೇಳಬೇಡಿ. ಅವರು ಯಾವ ಪುಟದಲ್ಲಿ ‘ಇದು ಎಲ್ಲಮ್ಮನ ಕಥೆಯಲ್ಲವೇ’ ಎನ್ನುತ್ತಾರೆ ಎಂದು ಗುರುತು ಹಾಕಿಕೊಳ್ಳಿ. ಮೊದಲ ಪುಟದಲ್ಲೇ ಎಂದರೆ ಹಂತ 5ಕ್ಕೆ ಹಿಂದಿರುಗಿ, ಉಳಿದಿರುವ ಗುರುತುಗಳನ್ನು ತೆಗೆಯಿರಿ. ಕೊನೆಯವರೆಗೂ ಅನ್ನದಿದ್ದರೆ ಹಂತ 1ರ ವಾಕ್ಯವನ್ನು ಮತ್ತೆ ಓದಿ. ಕರಾರು ಕಥೆಗೆ ಇಳಿದಿಲ್ಲ. ಕಥೆಯ ಅರ್ಧ ದಾಟಿದ ಮೇಲೆ, ನೀವು ಓದುತ್ತಿರುವಾಗಲೇ ಅವರು ತಡೆದು ಹೇಳಿದರೆ, ಆ ಸಾಲಿನ ಪಕ್ಕದಲ್ಲಿ ಗೆರೆ ಎಳೆಯಿರಿ. ಎರಡನೆಯ ಕರಡನ್ನು ಆ ಗೆರೆಯಿಂದ ಹಿಂದಕ್ಕೂ ಮುಂದಕ್ಕೂ ತಿದ್ದುತ್ತ ಹೋಗಿ.